ಜೀಬ್ರಾ ಅಳಿಸಿದರೆ ಟ್ರಾಫಿಕ್ ಕರಗುತ್ತಾ? ಒಂದು ವಿಡಿಯೋ ಗೇಮ್, ಒಂದು ಸಿಂಧನೂರು

ಕಳೆದ ಬೇಸಿಗೆಯಲ್ಲಿ ಸಿಂಧನೂರಿಗೆ ಹೋಗಿದ್ದಾಗ ಅಕ್ಕನ ಮಗ ಲ್ಯಾಪ್‌ಟಾಪ್ ಮುಂದೆ ಕೂತು ಒಂದು ಊರು ಕಟ್ಟುತ್ತಿದ್ದ. ಪಿಯುಸಿ ಮುಗಿಸಿ ಸಿಇಟಿ ರಿಸಲ್ಟಿಗೆ ಕಾಯುತ್ತಿದ್ದ ಹುಡುಗ. ಗೇಮಿನ ಹೆಸರು 'ಸಿಟೀಸ್: ಸ್ಕೈಲೈನ್ಸ್'. ಅವನ ಊರಿನ ನಡುವಿನ ಸರ್ಕಲ್ ನಕ್ಷೆಯಲ್ಲಿ ಕೆಂಪಾಗಿತ್ತು. ಅಂದರೆ ವಾಹನಗಳು ನಿಂತಲ್ಲೇ ನಿಂತಿದ್ದವು. "ಮಾಮಾ, ರೋಡ್ ಅಗಲ ಮಾಡಿದೆ, ಫ್ಲೈಓವರ್ ಹಾಕಿದೆ, ಏನ್ ಮಾಡಿದ್ರೂ ಜಾಮ್ ಬಿಡವಲ್ದು" ಅಂದ.

ಸ್ವಲ್ಪ ಹೊತ್ತು ನೋಡಿದ ಮೇಲೆ ಕಾರಣ ಸಿಕ್ಕಿತು. ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಜನ ಒಬ್ಬರ ಹಿಂದೆ ಒಬ್ಬರು, ಬಿಡುವೇ ಇಲ್ಲದೆ, ಸರ್ಕಲ್ಲಿನ ಜೀಬ್ರಾ ದಾಟುತ್ತಿದ್ದರು. ಪ್ರತಿಯೊಬ್ಬರಿಗೂ ವಾಹನಗಳು ನಿಲ್ಲುತ್ತಿದ್ದವು. ಹುಡುಗ ನಾಲ್ಕು ಕ್ಲಿಕ್‌ನಲ್ಲಿ ಜೀಬ್ರಾಗಳನ್ನೆಲ್ಲ ಅಳಿಸಿದ. ಸ್ವಲ್ಪ ಹೊತ್ತಿಗೆ ಕೆಂಪು ಹೋಗಿ ಹಸಿರು ಬಂತು. ಅವನಿಗೆ ಯುದ್ಧ ಗೆದ್ದಷ್ಟು ಖುಷಿ.

ಪಕ್ಕದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದ ಅವ್ವ ಕೇಳಿದಳು: "ಮತ್ತ ಆ ಮಂದಿ ಎಲ್ಲಿಂದ ದಾಟ್ಬೇಕೋ ತಮ್ಮಾ?"

ನಾನು ಎಂಜಿನಿಯರಿಂಗ್ ಓದಿದವನು. ನಾಲ್ಕು ವರ್ಷದ ಓದಿನಲ್ಲಿ ಈ ಪ್ರಶ್ನೆಯನ್ನು ಇಷ್ಟು ಸರಳವಾಗಿ ಯಾರೂ ನನಗೆ ಕೇಳಿರಲಿಲ್ಲ. ಈ ಬರಹ ಆ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನ. ಗೇಮ್ ಆಡುವವರಿಗೆ ಇದರಲ್ಲಿ ಟ್ರಾಫಿಕ್ ಬಿಡಿಸುವ ಉಪಾಯ ಸಿಗುತ್ತೆ. ಆಡದವರಿಗೆ, ನಮ್ಮ ಊರುಗಳ ರಸ್ತೆಗಳನ್ನು ಯಾರ ಲೆಕ್ಕ ಹಿಡಿದು ಕಟ್ಟುತ್ತಾರೆ ಅನ್ನೋದು ಸಿಗುತ್ತೆ.

ಗೇಮಿನ ಹಿನ್ನೆಲೆ

ಊರು ಕಟ್ಟುವ ಗೇಮುಗಳ ಪರಂಪರೆ ಶುರುವಾಗಿದ್ದು 1989ರಲ್ಲಿ, ವಿಲ್ ರೈಟ್ ರೂಪಿಸಿದ 'ಸಿಮ್‌ಸಿಟಿ'ಯಿಂದ. 'ಸಿಟೀಸ್: ಸ್ಕೈಲೈನ್ಸ್' ಬಂದಿದ್ದು 2015ರ ಮಾರ್ಚ್‌ನಲ್ಲಿ. ಮಾಡಿದ್ದು ಫಿನ್ಲೆಂಡಿನ ಕೊಲೋಸಲ್ ಆರ್ಡರ್ ಎಂಬ ಸಣ್ಣ ಸಂಸ್ಥೆ, ಪ್ರಕಟಿಸಿದ್ದು ಸ್ವೀಡನ್ನಿನ ಪ್ಯಾರಡಾಕ್ಸ್. ಎರಡನೇ ಆವೃತ್ತಿ 2023ರ ಅಕ್ಟೋಬರ್‌ನಲ್ಲಿ ಬಂತು.

ಇದರಲ್ಲಿ ನೀವೇ ಮೇಯರ್. ರಸ್ತೆ ಎಳೀತೀರಿ, ಎಲ್ಲಿ ಮನೆ, ಎಲ್ಲಿ ಅಂಗಡಿ, ಎಲ್ಲಿ ಕಾರ್ಖಾನೆ ಅಂತ ಗುರುತು ಹಾಕ್ತೀರಿ. ಜನ ತಾವೇ ಬಂದು ನೆಲೆಸುತ್ತಾರೆ. ಇದರ ವಿಶೇಷ ಏನಂದ್ರೆ, ರಸ್ತೆ ಮೇಲೆ ಕಾಣುವ ಪ್ರತಿ ವಾಹನಕ್ಕೂ ಒಂದು ಹೊರಟ ಜಾಗ, ಒಂದು ತಲುಪುವ ಜಾಗ ಇರುತ್ತೆ. ನಡೆಯುವವರೂ ಅಷ್ಟೇ. ಯಾರೂ ಬರೀ ಅಲಂಕಾರಕ್ಕೆ ಓಡಾಡುವುದಿಲ್ಲ. ಹಾಗಾಗಿ ಈ ಗೇಮಿನಲ್ಲಿ ಸೋಲುವವರು ಬಹುತೇಕ ದುಡ್ಡಿಲ್ಲದೆ ಸೋಲುವುದಿಲ್ಲ, ಟ್ರಾಫಿಕ್‌ನಿಂದ ಸೋಲುತ್ತಾರೆ. ರಸ್ತೆ ಕಟ್ಟಿಕೊಂಡರೆ ಕಸದ ಗಾಡಿ ಬರಲ್ಲ, ಆಂಬುಲೆನ್ಸ್ ಬರಲ್ಲ, ಅಂಗಡಿಗೆ ಸರಕು ಬರಲ್ಲ. ಜನ ಊರು ಬಿಡುತ್ತಾರೆ.

ಒಬ್ಬ ಪಾದಚಾರಿ ರಸ್ತೆಯನ್ನೇ ನಿಲ್ಲಿಸುವುದು ಹೇಗೆ?

ಗೇಮಿನಲ್ಲಿ ಎರಡು ರಸ್ತೆ ಕೂಡಿದರೆ ಅಲ್ಲಿ ಜೀಬ್ರಾ ತಾನಾಗಿಯೇ ಬರುತ್ತೆ. ಸಿಗ್ನಲ್ ಇಲ್ಲದ ಕಡೆ ನಡೆಯುವವರಿಗೇ ಮೊದಲ ಹಕ್ಕು. ಒಬ್ಬ ಕಾಲಿಟ್ಟರೆ ವಾಹನ ನಿಲ್ಲಲೇಬೇಕು. ನಮ್ಮ ಕಡೆ ಇದನ್ನು ಹೇಳಿದರೆ ಜನ ನಗ್ತಾರೆ, ಆದರೆ ಗೇಮಿನ ಡ್ರೈವರುಗಳು ಫಿನ್ಲೆಂಡಿನ ಶಿಸ್ತಿನವರು.

ಈಗ ಸಣ್ಣ ಲೆಕ್ಕ ಮಾಡೋಣ. ರಸ್ತೆ 14 ಮೀಟರ್ ಅಗಲ ಅಂದುಕೊಳ್ಳಿ. ನಡಿಗೆಯ ವೇಗ ಸೆಕೆಂಡಿಗೆ 1.2 ಮೀಟರ್, ಸಿಗ್ನಲ್ ಲೆಕ್ಕಕ್ಕೆ ಎಂಜಿನಿಯರುಗಳು ಸಾಮಾನ್ಯವಾಗಿ ಬಳಸುವ ಸಂಖ್ಯೆ ಇದು. ದಾಟಲು ಸುಮಾರು 12 ಸೆಕೆಂಡು ಬೇಕು. ಪ್ರತಿ 10 ಸೆಕೆಂಡಿಗೆ ಒಬ್ಬರು ಬಂದರೆ ಏನಾಗುತ್ತೆ? ಮೊದಲನೆಯವರು ದಾಟಿ ಮುಗಿಸುವ ಮೊದಲೇ ಎರಡನೆಯವರು ಕಾಲಿಟ್ಟಿರುತ್ತಾರೆ. ನಿಮಿಷಕ್ಕೆ ಆರೇ ಜನ, ಆದರೆ ಪೂರ್ತಿ 60 ಸೆಕೆಂಡು ವಾಹನಗಳಿಗೆ ರಸ್ತೆ ಬಂದ್.

ಅದೇ ಆರು ಜನ ಸಿಗ್ನಲ್‌ಗೆ ಕಾದು ಒಟ್ಟಿಗೆ ದಾಟಿದರೆ? 12 ಸೆಕೆಂಡು ಅವರಿಗೆ, ಉಳಿದ 48 ಸೆಕೆಂಡು ವಾಹನಗಳಿಗೆ. ಜನರ ಸಂಖ್ಯೆ ಅದೇ, ರಸ್ತೆ ಅದೇ, ಬದಲಾಗಿದ್ದು ದಾಟುವ ಕ್ರಮ ಮಾತ್ರ. ಈ ಒಂದು ಲೆಕ್ಕ ಅರ್ಥವಾದರೆ ಗೇಮಿನ ಅರ್ಧ ಟ್ರಾಫಿಕ್ ಅರ್ಥವಾದಂತೆ. ಜಾಮ್ ಆಗಿದ್ದು ಜನ ಹೆಚ್ಚಾಗಿದ್ದಕ್ಕಲ್ಲ, ಅವರಿಗೆ ದಾಟಲು ಸರಿಯಾದ ವ್ಯವಸ್ಥೆ ಇಲ್ಲದ್ದಕ್ಕೆ.

ಆಟಗಾರರು ಬಳಸುವ ಐದು ಉಪಾಯ

1. ಜೀಬ್ರಾ ಅಳಿಸುವುದು. ಮೊದಲ ಆವೃತ್ತಿಯಲ್ಲಿ ಇದಕ್ಕೆ 'ಟ್ರಾಫಿಕ್ ಮ್ಯಾನೇಜರ್: ಪ್ರೆಸಿಡೆಂಟ್ ಎಡಿಷನ್' ಎಂಬ, ಆಟಗಾರರೇ ಬರೆದ ಮಾಡ್ ಬೇಕು. ಎರಡನೇ ಆವೃತ್ತಿಯಲ್ಲಿ ಜೀಬ್ರಾ ಹಾಕುವ, ತೆಗೆಯುವ ಸಾಧನ ಗೇಮಿನೊಳಗೇ ಇದೆ. ರೌಂಡ್‌ಅಬೌಟ್‌ಗಳಲ್ಲಿ ಇದು ತಕ್ಷಣ ಕೆಲಸ ಮಾಡುತ್ತೆ. ಸುತ್ತುವ ರಸ್ತೆಯ ಒಂದು ಬಾಯಲ್ಲಿ ವಾಹನ ನಿಂತರೂ ಹಿಂದಿನ ಬಾಯಿಗಳೆಲ್ಲ ಕಟ್ಟಿಕೊಳ್ಳುತ್ತವೆ, ಅದಕ್ಕೆ. ಆದರೆ ಮೊದಲ ಆವೃತ್ತಿಯಲ್ಲಿ ಅಳಿಸಿದ ಕಡೆ ಜನ ಸುತ್ತು ಹಾಕಿ ಮುಂದಿನ ಜೀಬ್ರಾಗೆ ಹೋಗುತ್ತಾರೆ. ಅಂದರೆ ಬಹಳ ಸಲ ಜಾಮ್ ಮಾಯವಾಗುವುದಿಲ್ಲ, ಮುಂದಿನ ಕೂಡುರಸ್ತೆಗೆ ವರ್ಗವಾಗುತ್ತೆ.

2. ಮೇಲ್ಸೇತುವೆ ಅಥವಾ ಸುರಂಗ. ಪಾದಚಾರಿ ದಾರಿಯನ್ನು ರಸ್ತೆಯ ಮೇಲೆ ಎತ್ತಿ ದಾಟಿಸುವುದು. ಗೇಮಿನಲ್ಲಿ ಬಹಳ ಅಗ್ಗ, ಬಹಳ ಪರಿಣಾಮಕಾರಿ.

3. ಸಿಗ್ನಲ್ ಹಂತ. ಎಲ್ಲ ವಾಹನ ನಿಲ್ಲಿಸಿ, ನಡೆಯುವವರಿಗೆಲ್ಲ ಒಟ್ಟಿಗೆ ಹಸಿರು ಕೊಡುವುದು. ಆ ಮಾಡ್‌ನಲ್ಲಿ ಸಿಗ್ನಲ್ ಹಂತಗಳನ್ನು ಒಂದೊಂದಾಗಿ ಹೊಂದಿಸಬಹುದು. ಹೊರಜಗತ್ತಿನಲ್ಲಿ ಇದನ್ನು ಜನಪ್ರಿಯಗೊಳಿಸಿದ್ದು ಹೆನ್ರಿ ಬಾರ್ನ್ಸ್ ಎಂಬ ಟ್ರಾಫಿಕ್ ಎಂಜಿನಿಯರ್, 1950ರ ದಶಕದ ಆರಂಭದಲ್ಲಿ ಅಮೆರಿಕದ ಡೆನ್ವರ್‌ನಲ್ಲಿ. ಜನ ನಾಲ್ಕೂ ದಿಕ್ಕಿಗೆ, ಓರೆಯಾಗಿಯೂ ದಾಟುವುದನ್ನು ಕಂಡು ಅದಕ್ಕೆ 'ಬಾರ್ನ್ಸ್ ಡ್ಯಾನ್ಸ್' ಅಂತಲೇ ಹೆಸರು ಬಿತ್ತು. ಟೋಕಿಯೋದ ಶಿಬುಯಾ ಕ್ರಾಸಿಂಗ್ ಇದೇ ಕುಲದ್ದು.

4. ನಡೆಯುವ ಅಡ್ಡದಾರಿ. ಮನೆಗಳಿರುವ ಓಣಿಯಿಂದ ಅಂಗಡಿ ಸಾಲಿಗೆ ನೇರ ಕಾಲುದಾರಿ ಎಳೆದರೆ ಜನ ಕಾರು ಬಿಟ್ಟು ನಡೆಯುತ್ತಾರೆ. ಒಂದು ಕಾಲುದಾರಿ ಎಷ್ಟೋ ಕಾರುಗಳನ್ನು ರಸ್ತೆಗೇ ಇಳಿಯದಂತೆ ತಡೆಯುತ್ತೆ. ಹೊಸ ಆಟಗಾರರು ಇದನ್ನು ಕೊನೆಗೆ ಕಲಿಯುತ್ತಾರೆ, ಹಳಬರು ಮೊದಲು ಮಾಡುತ್ತಾರೆ.

5. ವಾಹನವೇ ಇಲ್ಲದ ಬೀದಿ. 2022ರಲ್ಲಿ ಬಂದ 'ಪ್ಲಾಜಾಸ್ ಅಂಡ್ ಪ್ರೊಮೆನೇಡ್ಸ್' ವಿಸ್ತರಣೆಯಲ್ಲಿ ಪಾದಚಾರಿ ಬೀದಿಗಳೇ ಬಂದವು. ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿ 2020ರ ನವೆಂಬರ್‌ನಿಂದ ಕೆಲ ತಿಂಗಳು ವಾರಾಂತ್ಯದಲ್ಲಿ ವಾಹನ ನಿಲ್ಲಿಸಿ ಮಾಡಿದ ಪ್ರಯೋಗ ನೆನಪಿದೆಯಲ್ಲ, ಅದೇ ಕಲ್ಪನೆ.

ಗಮನಿಸಿ, ಮೊದಲೆರಡು ಉಪಾಯ ನಡೆಯುವವರನ್ನು ರಸ್ತೆಯಿಂದ ತೆಗೆಯುತ್ತವೆ. ಕೊನೆಯ ಎರಡು ವಾಹನಗಳನ್ನು ತೆಗೆಯುತ್ತವೆ. ನಡುವಿನದು ಇಬ್ಬರಿಗೂ ಸಮಯ ಹಂಚುತ್ತೆ. ಐದರಲ್ಲೂ ನಕ್ಷೆ ಹಸಿರಾಗಬಹುದು. ಯಾವುದನ್ನು ಆರಿಸುತ್ತೀರಿ ಅನ್ನೋದು ತಾಂತ್ರಿಕ ಪ್ರಶ್ನೆ ಅನ್ನಿಸುತ್ತೆ, ಆದರೆ ಅದು ರಾಜಕೀಯ ಪ್ರಶ್ನೆ.

ಗೇಮ್ ಮುಚ್ಚಿಡುವ ಸಂಗತಿಗಳು

ಸ್ಟಾಕ್‌ಹೋಮ್‌ನಲ್ಲಿ 2016ರಲ್ಲಿ ರಾಯಲ್ ಸೀಪೋರ್ಟ್ ಎಂಬ ಹೊಸ ಬಡಾವಣೆಯ ಚರ್ಚೆಗೆ ಇದೇ ಗೇಮನ್ನು ಬಳಸಿದ್ದರು. ಹಾಗಾಗಿ ಇದನ್ನು ಮಕ್ಕಳಾಟ ಅಂತ ತಳ್ಳಿಹಾಕಲಾಗದು. ಆದರೆ ಇದರ ಒಳಗೆ ಕೆಲವು ಸುಳ್ಳುಗಳಿವೆ, ಅವು ಎಲ್ಲಿವೆ ಅಂತ ಗೊತ್ತಿರಬೇಕು.

ಮೊದಲನೆಯದು, ಮೊದಲ ಆವೃತ್ತಿಯಲ್ಲಿ ಬಹಳ ಹೊತ್ತು ಜಾಮ್‌ನಲ್ಲಿ ಸಿಕ್ಕ ವಾಹನವನ್ನು ಗೇಮ್ ತಾನೇ ಮಾಯ ಮಾಡುತ್ತೆ. ಹಾಗೆ ಮಾಡದಿದ್ದರೆ ಎಷ್ಟೋ ಊರುಗಳು ಪೂರ್ತಿ ನಿಂತುಹೋಗುತ್ತಿದ್ದವು. ಪಾರ್ಕಿಂಗ್ ಸಿಗದಿದ್ದರೆ ಕಾರು ಜೇಬಿಗೆ ಸೇರಿದಂತೆ ಮರೆಯಾಗುತ್ತೆ. ಸಿಂಧನೂರಿನಲ್ಲಿ ಜೇಬಿಗೆ ಹಾಕಿಕೊಳ್ಳುವ ಬೈಕ್ ಯಾರ ಹತ್ತಿರವೂ ಇಲ್ಲ. ಅದು ಫುಟ್‌ಪಾತ್ ಮೇಲೇ ನಿಲ್ಲುತ್ತೆ. ಫುಟ್‌ಪಾತ್ ಹೋದರೆ ನಡೆಯುವವರು ರಸ್ತೆಗಿಳಿಯುತ್ತಾರೆ.

ಎರಡನೆಯದು, ಗೇಮಿನ ಜನಕ್ಕೆ ಮೊಣಕಾಲು ನೋವಿಲ್ಲ. ಮೇಲ್ಸೇತುವೆ ಅವರಿಗೆ ಸ್ವಲ್ಪ ಉದ್ದದ ದಾರಿ, ಅಷ್ಟೇ. ನಿಜದಲ್ಲಿ ನಗರದ ರಸ್ತೆಯ ಮೇಲೆ ಲಾರಿ ಹಾಯಲು 5.5 ಮೀಟರ್ ಎತ್ತರ ಬಿಡಬೇಕು. ಸೇತುವೆಯ ದಪ್ಪ ಸೇರಿಸಿದರೆ ಸುಮಾರು 6 ಮೀಟರ್ ಹತ್ತಬೇಕು. ಒಂದು ಮೆಟ್ಟಿಲು 15 ಸೆಂಟಿಮೀಟರ್ ಅಂದರೆ 40 ಮೆಟ್ಟಿಲು ಮೇಲೆ, 40 ಕೆಳಗೆ. ತಲೆ ಮೇಲೆ ಸೊಪ್ಪಿನ ಬುಟ್ಟಿ ಹೊತ್ತವಳು, ಬಸುರಿ, ಊರುಗೋಲು ಹಿಡಿದವರು 14 ಮೀಟರ್ ರಸ್ತೆ ದಾಟಲು 80 ಮೆಟ್ಟಿಲು ಲೆಕ್ಕ ಹಾಕಬೇಕು. ಅವರು ಹತ್ತಲ್ಲ, ಕೆಳಗೇ ದಾಟುತ್ತಾರೆ. ಆಮೇಲೆ ನಾವು 'ಜನಕ್ಕೆ ಶಿಸ್ತಿಲ್ಲ' ಅಂತೀವಿ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಮೊದಲ ಆವೃತ್ತಿಯಲ್ಲಿ ಯಾರಿಗೂ ವಾಹನ ಗುದ್ದುವುದಿಲ್ಲ. ರಸ್ತೆ ಅಪಘಾತ ಅನ್ನೋದೇ ಇಲ್ಲ. ಹಾಗಾಗಿ ನೀವು ಜೀಬ್ರಾ ಅಳಿಸಿದ್ದಕ್ಕೆ ಯಾವ ಬೆಲೆಯೂ ಕಾಣುವುದಿಲ್ಲ. ನಕ್ಷೆ ಹಸಿರು, ಅಂಕ ಜಾಸ್ತಿ.

ನಮ್ಮ ಲೆಕ್ಕದಲ್ಲಿ ಬೆಲೆ ಇದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅದರಲ್ಲಿ 32,825 ಜನ ನಡೆದು ಹೋಗುತ್ತಿದ್ದವರು. ಅಂದರೆ ಸತ್ತ ಪ್ರತಿ ಐವರಲ್ಲಿ ಸರಿಸುಮಾರು ಒಬ್ಬರು. ದಿನಕ್ಕೆ ಹಂಚಿದರೆ 90 ಜನ. ವೇಗದ ಪಾತ್ರವೂ ಇದರಲ್ಲಿದೆ. ಕಾರಿನ ವೇಗ ಗಂಟೆಗೆ 50ರಿಂದ 65 ಕಿಲೋಮೀಟರಿಗೆ ಏರಿದರೆ, ಅದರ ಮುಂಭಾಗಕ್ಕೆ ಸಿಕ್ಕ ಪಾದಚಾರಿ ಸಾಯುವ ಸಾಧ್ಯತೆ 4.5 ಪಟ್ಟು ಹೆಚ್ಚುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಗೇಮಿನಲ್ಲಿ 'ಸಲೀಸು ಟ್ರಾಫಿಕ್' ಅನ್ನೋದು ಊರೊಳಗೆ ಕೆಲವೊಮ್ಮೆ ಇದೇ ಹೆಚ್ಚಿನ ವೇಗದ ಇನ್ನೊಂದು ಹೆಸರು.

ಈಗ ಹೊರಗಿನ ಸಿಂಧನೂರು

ಆವತ್ತು ಸಂಜೆ ಹುಡುಗನಿಗೆ ಒಂದು ಸವಾಲು ಹಾಕಿದೆ: "ನಮ್ಮೂರನ್ನೇ ಕಟ್ಟು ನೋಡೋಣ."

ಅದು ಸುಲಭ ಇರಲಿಲ್ಲ. ಸಿಂಧನೂರು ಐದು ದಿಕ್ಕಿನ ರಸ್ತೆಗಳು ಬಂದು ಕೂಡುವ ಊರು: ರಾಯಚೂರು, ಗಂಗಾವತಿ, ಕುಷ್ಟಗಿ, ಮಸ್ಕಿ, ಸಿರುಗುಪ್ಪ. ಲಿಂಗಸುಗೂರು, ಮಸ್ಕಿ ಕಡೆಯಿಂದ ಬಳ್ಳಾರಿ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 150ಎ ಈ ಊರನ್ನು ಮುಟ್ಟಿಯೇ ಹೋಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಬೆಳೆದ ಭತ್ತದ ಊರು ಇದು. ಸುಗ್ಗಿಯಲ್ಲಿ ಭತ್ತ ಹೇರಿದ ಟ್ರ್ಯಾಕ್ಟರು, ರೈಸ್‌ಮಿಲ್ಲಿಗೆ ಬರುವ ಲಾರಿ, ಕ್ಯಾಂಪುಗಳಿಂದ ಬರುವ ಟಂಟಂ, ಸಾರಿಗೆ ಬಸ್ಸು, ಶಾಲೆ ಮಕ್ಕಳ ಸೈಕಲ್ಲು, ತಳ್ಳುಗಾಡಿ ಎಲ್ಲ ಒಂದೇ ರಸ್ತೆ ಮೇಲೆ. 2011ರ ಜನಗಣತಿಯಲ್ಲೇ ಪಟ್ಟಣದ ಜನಸಂಖ್ಯೆ 75 ಸಾವಿರದಷ್ಟಿತ್ತು, ಅದಾದ ಮೇಲೆ ಊರು ಎಷ್ಟು ಹಬ್ಬಿದೆ ಅಂತ ಅಲ್ಲಿಯವರಿಗೆ ಹೇಳಬೇಕಿಲ್ಲ. ಗೇಮಿನಲ್ಲಿ ಟಂಟಂ ಇಲ್ಲ, ರಾಂಗ್ ಸೈಡಲ್ಲಿ ಬರುವ ಬೈಕ್ ಇಲ್ಲ, ರಸ್ತೆ ಬದಿ ಬಾಳೆಹಣ್ಣು ಮಾರುವ ಅಕ್ಕ ಇಲ್ಲ.

ಆದರೂ ಕಟ್ಟಿದ. ಮುಖ್ಯ ರಸ್ತೆ, ಒಂದು ಬದಿ ಬಸ್‌ಸ್ಟ್ಯಾಂಡು, ಇನ್ನೊಂದು ಬದಿ ಮಾರ್ಕೆಟ್ಟು. ಸರ್ಕಲ್ಲಿನಲ್ಲಿ ಮತ್ತೆ ಅದೇ ಜಾಮ್. ಈ ಸಲ ಒಂದು ಷರತ್ತು ಹಾಕಿದ್ದೆ. ಜೀಬ್ರಾ ಅಳಿಸುವಂತಿಲ್ಲ, ಮೇಲ್ಸೇತುವೆ ಹಾಕುವಂತಿಲ್ಲ.

ಒಂದು ತಾಸು ಒದ್ದಾಡಿದ. ಬಸ್ ನಿಲ್ಲುವ ಜಾಗವನ್ನು ಸರ್ಕಲ್‌ನಿಂದ ಸ್ವಲ್ಪ ದೂರ ಸರಿಸಿದ. ಸಿಗ್ನಲ್ಲಿಗೆ ನಡೆಯುವವರ ಹಂತ ಸೇರಿಸಿದ. ಓಣಿಗಳಿಂದ ಮಾರ್ಕೆಟ್ಟಿಗೆ ಎರಡು ಕಾಲುದಾರಿ ಎಳೆದ. ಲಾರಿಗಳಿಗೆ ಊರ ಹೊರಗಿನಿಂದ ರಸ್ತೆ ಕೊಟ್ಟ. ನಕ್ಷೆ ಪೂರ್ತಿ ಹಸಿರಾಗಲಿಲ್ಲ, ಆದರೆ ಕೆಂಪು ಹೋಗಿ ಹಳದಿಗೆ ಬಂತು. ಜನರೂ ದಾಟುತ್ತಿದ್ದರು, ಬಸ್ಸೂ ಹೋಗುತ್ತಿತ್ತು. "ಹಿಂಗೂ ಆಗ್ತದ ನೋಡು ಮಾಮಾ" ಅಂದ.

ಈ ನಾಲ್ಕು ಕೆಲಸಗಳಲ್ಲಿ ಬೈಪಾಸ್ ಒಂದು ಬಿಟ್ಟರೆ ಉಳಿದ ಯಾವುದಕ್ಕೂ ಕೋಟಿಗಟ್ಟಲೆ ದುಡ್ಡು ಬೇಕಿಲ್ಲ. ಇನ್ನೊಂದು ಅಗ್ಗದ ಉಪಾಯವೂ ಇದೆ. ರಸ್ತೆ ನಡುವೆ ನಿಲ್ಲಲು ಒಂದು ಕಟ್ಟೆ. ಆಗ 14 ಮೀಟರ್ ರಸ್ತೆ 7 ಮೀಟರಿನ ಎರಡು ರಸ್ತೆಯಾಗುತ್ತೆ. ಒಂದು ಸಲಕ್ಕೆ 6 ಸೆಕೆಂಡು, ಒಂದೇ ದಿಕ್ಕು ನೋಡಿದರೆ ಸಾಕು. ವಯಸ್ಸಾದವರಿಗೆ ಇದರ ಬೆಲೆ ಗೊತ್ತು.

ಕಾನೂನು ಯಾರ ಕಡೆ ಇದೆ?

ಕಾಗದದ ಮೇಲೆ ನಮ್ಮ ಕಾನೂನು ಗೇಮಿನಷ್ಟೇ ಶಿಸ್ತಿನದು. ಮೋಟಾರು ವಾಹನ ಚಾಲನಾ ನಿಯಮಾವಳಿ, 2017ರ ಪ್ರಕಾರ ಸಿಗ್ನಲ್ ಇಲ್ಲದ ಜೀಬ್ರಾ ಹತ್ತಿರ ಚಾಲಕ ವೇಗ ತಗ್ಗಿಸಿ, ನಿಂತು, ನಡೆಯುವವರಿಗೆ ದಾರಿ ಬಿಡಬೇಕು. ಭಾರತೀಯ ರಸ್ತೆ ಕಾಂಗ್ರೆಸ್‌ನ ಐಆರ್‌ಸಿ:103 ಎಂಬ ಮಾರ್ಗಸೂಚಿ ಪಾದಚಾರಿ ಸೌಲಭ್ಯಗಳಿಗೆಂದೇ ಇದೆ. ಅದರ 2012ರ ಆವೃತ್ತಿ ಫುಟ್‌ಪಾತ್‌ನಲ್ಲಿ ನಡೆಯಲು ಕನಿಷ್ಠ 1.8 ಮೀಟರ್ ಅಡೆತಡೆ ಇಲ್ಲದ ಜಾಗ ಕೇಳುತ್ತೆ, ಅಂಚಿನ ಎತ್ತರ 15 ಸೆಂಟಿಮೀಟರ್ ಮೀರಬಾರದು ಎನ್ನುತ್ತೆ. ಹತ್ತಿ ಇಳಿಯುವ ಸೇತುವೆಗಿಂತ ನೆಲಮಟ್ಟದ ದಾಟುವಿಕೆಗೇ ಅದರ ಒಲವು.

2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 198ಎ ಸೇರಿತು. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ನಿಗದಿತ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಆದರೆ ಹೊಣೆ ಹೊತ್ತ ಪ್ರಾಧಿಕಾರ, ಗುತ್ತಿಗೆದಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ. 2025ರ ಮೇನಲ್ಲಿ ಸುಪ್ರೀಂ ಕೋರ್ಟ್ ಫುಟ್‌ಪಾತ್ ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯ ಭಾಗ ಎಂದಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಪಾದಚಾರಿಗಳ ಬಗ್ಗೆ ನಿಯಮ ರೂಪಿಸುವಂತೆ ರಾಜ್ಯಗಳಿಗೆ ಗಡುವು ಕೊಟ್ಟಿತು.

ಹಾಗಾದರೆ ತೊಡಕು ಎಲ್ಲಿ? ಗೇಮಿನಲ್ಲಿ ಮೇಯರ್ ಒಬ್ಬರೇ. ಇಲ್ಲಿ ಹೆದ್ದಾರಿ ಒಬ್ಬರದು, ಊರೊಳಗಿನ ರಸ್ತೆ ಇನ್ನೊಬ್ಬರದು, ಸಿಗ್ನಲ್ ಮೂರನೆಯವರದು, ಬಸ್ ನಿಲ್ಲುವ ಜಾಗ ನಾಲ್ಕನೆಯವರದು. ಒಂದು ಜೀಬ್ರಾಗೆ ಬಣ್ಣ ಬಳಿಯುವುದು ಯಾರು ಅನ್ನೋ ಪ್ರಶ್ನೆಗೆ ಯಾವ ಊರಲ್ಲೂ ಒಂದೇ ಉತ್ತರ ಸಿಗಲ್ಲ.

ನಾವು ಏನು ಮಾಡಬಹುದು?

ಮೊದಲು, ಎಣಿಸಿ. ನಿಮ್ಮ ಊರಿನ ಸರ್ಕಲ್ಲಿನಲ್ಲಿ ಒಂದು ತಾಸು ನಿಂತು ಎಷ್ಟು ಜನ ನಡೆದು ದಾಟಿದರು, ಎಷ್ಟು ವಾಹನ ಹೋದವು ಬರೆದುಕೊಳ್ಳಿ. ವಾಹನ ಎಣಿಸುವುದು ರೂಢಿ. ನಡೆಯುವವರನ್ನು ಎಣಿಸುವುದು ಅಪರೂಪ, ಎಣಿಸದವರು ಯೋಜನೆಯಲ್ಲಿ ಕಾಣುವುದೂ ಅಪರೂಪ. ಬಸ್ಸನ್ನು ಒಂದು ವಾಹನ ಅಂತ ಬರೆಯಬೇಡಿ, ಒಳಗಿರುವ 50 ಜನ ಅಂತ ಬರೆಯಿರಿ. ಲೆಕ್ಕ ತಲೆಕೆಳಗಾಗುತ್ತೆ.

ಎರಡನೆಯದು, ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿ ಇರುತ್ತೆ. ಬೇರೆ ಬೇರೆ ಇಲಾಖೆ ಒಂದೇ ಮೇಜಿಗೆ ಬರುವ ಜಾಗ ಅದು. ನಿಮ್ಮ ಎಣಿಕೆಯನ್ನು ಅಲ್ಲಿಗೆ ಅರ್ಜಿಯಾಗಿ ಕೊಡಿ. ಸಭೆಯ ನಡಾವಳಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ.

ಮೂರನೆಯದು, 'ಫುಟ್‌ಪಾತ್ ತೆರವು' ಅಂದ ಕೂಡಲೇ ತಳ್ಳುಗಾಡಿಯವರ ಮೇಲೆ ಬೀಳುವುದನ್ನು ಒಪ್ಪಬೇಡಿ. ಅವರಿಗೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಇದೆ, ಪಟ್ಟಣ ವ್ಯಾಪಾರ ಸಮಿತಿಯ ಶಿಫಾರಸಿನಂತೆ ಜಾಗ ಗುರುತಿಸಿ ಕೊಡಬೇಕಾದ್ದು ಸ್ಥಳೀಯ ಸಂಸ್ಥೆಯ ಕೆಲಸ. ಫುಟ್‌ಪಾತ್ ಮೇಲೆ ನಿಂತ ಕಾರಿಗೆ ಅಂಥ ಯಾವ ಕಾಯ್ದೆಯೂ ಇಲ್ಲ.

ನಾಲ್ಕನೆಯದು, ನಿಮ್ಮ ವಾರ್ಡಿಗೆ ಓಟು ಕೇಳಲು ಬಂದವರಿಗೆ ರಸ್ತೆ ಅಗಲ ಮಾಡ್ತೀರಾ ಅಂತ ಮಾತ್ರ ಕೇಳಬೇಡಿ. ಆ ಅಗಲದ ರಸ್ತೆಯನ್ನು ನಾವು ಎಲ್ಲಿ ದಾಟಬೇಕು ಅಂತಲೂ ಕೇಳಿ.

ಮರುದಿನ ಬೆಳಿಗ್ಗೆ ಅವ್ವನ ಜೊತೆ ಮಾರ್ಕೆಟ್ಟಿಗೆ ಹೋಗಿದ್ದೆ. ಗಾಂಧಿ ಸರ್ಕಲ್ ಕಡೆ ರಸ್ತೆ ದಾಟುವಾಗ ಅವಳು ಎಡಗೈಯಲ್ಲಿ ಚೀಲ ಹಿಡಿದು, ಬಲಗೈ ಎತ್ತಿ, ಬರುವ ಟ್ರ್ಯಾಕ್ಟರಿಗೆ ಅಂಗೈ ತೋರಿಸಿದಳು. ಟ್ರ್ಯಾಕ್ಟರ್ ನಿಧಾನ ಆಯಿತು. ಹಿಂದೆ ನಾಲ್ಕು ಹೆಂಗಸರು, ಇಬ್ಬರು ಶಾಲೆ ಮಕ್ಕಳು, ನಾನು. ಒಟ್ಟಿಗೆ ದಾಟಿದೆವು.

"ಒಬ್ರು ಕೈ ಎತ್ತಿದ್ರ ನಿಲ್ಸಂಗಿಲ್ಲಪಾ, ನಾಕ್ ಮಂದಿ ಕೂಡಿ ನಿಂತ್ರ ನಿಲ್ಸ್ತಾರ" ಅಂದಳು. ಹುಡುಗ ಒಂದು ತಾಸು ಒದ್ದಾಡಿ ಕಂಡುಕೊಂಡ ಸಿಗ್ನಲ್ ಹಂತ ಇದೇ. ಅವ್ವ ದಿನಾ ಅದನ್ನು ಕೈಯಲ್ಲೇ ಹಾಕುತ್ತಾಳೆ.